ಅಂಗುಲದ ಸಿಪಾಯಿಗಳು

ಸಣ್ಣ ಮೂರ್ತಿಗಳನ್ನು ಮಾಡಿ, ಸಿಂಗರಿಸಿ, ಸಾಲಾಗಿ ನಿಲ್ಲಿಸುವದು ನಮ್ಮ ಜಮಖಂಡಿ-ಮುಧೋಳ ಸೀಮೆಯ ಮಕ್ಕಳಿಗೆ ಹೊಸ ಸಂಗತಿಯಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಎತ್ತುಗಳು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ದೀಪಾವಳಿಗೆ ಸೆಗಣಿಯ ಪಾಂಡವರು, ಹೀಗೆ ವರುಷದುದ್ದಕ್ಕೂ ಮಕ್ಕಳ ಬೆರಳುಗಳಿಗೆ ಕೆಲಸವಿರುವದು. ಬೆಳಗಾವಿಯ ಕಡೆಯ ಹುಡುಗರಂತೂ ದೀಪಾವಳಿಯಲ್ಲಿ ಮನೆಯ ಮುಂದೆ ಮಣ್ಣಿನ ಕಿಲ್ಲೆಯನ್ನು ಕಟ್ಟಿ, ಅದರ ಬುರುಜುಗಳ ಮೇಲೆ ಬಣ್ಣದ ಸಿಪಾಯಿಗಳನ್ನು ಕಾವಲಿಡುವರು.

ಇದೇ ಬಳಗಕ್ಕೆ ಸೇರಿದ ಇನ್ನೊಂದು ವಿನೋದವನ್ನು ವಾಚಕರ ಮುಂದಿಡುವೆವು. ಅದು ಒಂದಂಗುಲ ಎತ್ತರದ ಪ್ಲಾಸ್ಟಿಕ್ ಸಿಪಾಯಿಗಳಿಗೆ ಕೈಯಾರೆ ಬಣ್ಣ ಹಚ್ಚಿ, ಮೇಜಿನ ಮೇಲೆ ಸೈನ್ಯವನ್ನು ಹೂಡಿ, ನಿಯಮಬದ್ಧವಾಗಿ ಯುದ್ಧವಾಡುವ ಆಟವು. ಮಕ್ಕಳ ಕೈಗೆ ಯುದ್ಧವನ್ನೇ ಆಟವಾಗಿ ಕೊಡುವದು ಯೋಗ್ಯವೇ ಎಂದು ವಿಚಾರವಂತರಾದ ಗೃಹಸ್ಥರು ಕೇಳದಿರಲಾರರು. ಆ ಪ್ರಶ್ನೆಗೆ ಉತ್ತರವು ಬಣ್ಣದ ಕುಂಚದಲ್ಲಿಯೇ ಇರುವದೆಂದು ನಮಗೆ ತೋರುತ್ತದೆ.

ಮೊದಲು ಆಟದ ಪೂರ್ವಾಪರವನ್ನು ನೋಡೋಣ. ಆನೆ, ಕುದುರೆ, ರಥ, ಕಾಲಾಳುಗಳೆಂಬ ನಾಲ್ಕು ಅಂಗಗಳನ್ನು ಹಲಗೆಯ ಮೇಲೆ ನಡೆಯಿಸಿದ ಚತುರಂಗವು ಭರತಖಂಡದಲ್ಲಿಯೇ ಹುಟ್ಟಿತು. 1824ರಲ್ಲಿ ಪ್ರಶಿಯಾದ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿಯು ನಕಾಶೆಯ ಮೇಲೆ ದಾಳಗಳ ಸಹಾಯದಿಂದ ಆಡುವ ಯುದ್ಧದಾಟದ ನಿಯಮಗಳನ್ನು ಪ್ರಕಟಿಸಿದನು. ಅದರಿಂದ ಅಧಿಕಾರಿಗಳಿಗೆ ಶಿಕ್ಷಣ ಕೊಡುತ್ತಿದ್ದರು. ಅದನ್ನು ಮನೆಯ ನೆಲದ ಮೇಲಿನ ವಿನೋದವನ್ನಾಗಿ ಮಾಡಿದವರಲ್ಲಿ ಆಂಗ್ಲ ಕಾದಂಬರಿಕಾರ ಎಚ್. ಜಿ. ವೆಲ್ಸ್‌ರು ಪ್ರಮುಖರು. ಇವರು 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದು, ಗೊಂಬೆಗಳ ಕಿರುಯುದ್ಧದ ಮುಂದೆ ನಿಜವಾದ ಯುದ್ಧವೆಂಬುದು ಎಷ್ಟು ಮೂಢತನದ್ದೆಂಬುದನ್ನು ತೋರಿಸಿದರು. ಮರುವರುಷವೇ ಯುರೋಪಿನಲ್ಲಿ ಮಹಾಯುದ್ಧವು ಭುಗಿಲೆದ್ದಿತು! ಆ ಕಾಲದ ಗೊಂಬೆಗಳು ಸೀಸದವು. ಸೀಸವು ವಿಷವಾದುದರಿಂದ ಹಳೆಯ ಸೀಸದ ಗೊಂಬೆಗಳನ್ನು ಮಕ್ಕಳಿಗೆ ಕೊಡಲಾಗದು. 1950ರ ತರುವಾಯ ಪ್ಲಾಸ್ಟಿಕ್ ಗೊಂಬೆಗಳು ಬಳಕೆಗೆ ಬಂದು, ಆಟವು ಸಾಮಾನ್ಯರ ಮನೆಗಳಿಗೂ ಎಟಕುವಂತಾಯಿತು.

ಇನ್ನು ಬಣ್ಣದ ಕ್ರಮವು. ಅಚ್ಚಿನಿಂದ ಬಂದ ಗೊಂಬೆಗೆ ಜಿಡ್ಡು ಅಂಟಿಕೊಂಡಿರುವದರಿಂದ, ಮೊದಲು ಅದನ್ನು ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸತಕ್ಕದ್ದು. ಬಳಿಕ ಅದನ್ನು ಸೀಸೆಯ ಮುಚ್ಚಳಕ್ಕೆ ಅಂಟಿಸಿದರೆ ಹಿಡಿದುಕೊಳ್ಳಲು ಸುಲಭವಾಗುವದು. ಮೊದಲೊಂದು ಅಸ್ತರಿಯ ಬಣ್ಣವನ್ನು ಬಳಿದು, ಅದು ಪೂರ್ತಿ ಒಣಗಿದ ಮೇಲೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣಗಳನ್ನು ಹಚ್ಚಬೇಕು. ದಪ್ಪನೆಯ ಒಂದು ಲೇಪಕ್ಕಿಂತ ತೆಳುವಾದ ಎರಡು ಲೇಪಗಳು ಮೇಲು. ದಪ್ಪ ಬಣ್ಣವು ಮೂಗು, ಬೆರಳು, ಗುಂಡಿಗಳನ್ನು ಮುಚ್ಚಿಬಿಡುವದು. ನಾವು ಬಟ್ಟೆ ತೊಡುವ ಕ್ರಮದಲ್ಲಿಯೇ ಗೊಂಬೆಗೂ ತೊಡಿಸತಕ್ಕದ್ದು: ಮೊದಲು ಮೈಬಣ್ಣ, ತರುವಾಯ ಉಡುಪು, ಆಮೇಲೆ ಪಟ್ಟಿ, ಕಟ್ಟಕಡೆಗೆ ಆಯುಧ. ಬಹಳ ತೆಳುವಾದ ಕಂದುಬಣ್ಣದ ನೀರನ್ನು ಮೇಲೆ ಹಾಯಿಸಿದರೆ ಅದು ಮಡಿಕೆಗಳಲ್ಲಿ ಇಳಿದು ನೆರಳಾಗುವದು. ಅದು ಒಣಗಿದ ಮೇಲೆ ತಿಳಿಬಣ್ಣದ ಕುಂಚವನ್ನು ಅರಿವೆಗೆ ಚೆನ್ನಾಗಿ ಒರಸಿ, ಉಬ್ಬಿದ ಭಾಗಗಳ ಮೇಲೆ ಹಗುರಾಗಿ ಆಡಿಸಿದರೆ ಬೆಳಕು ಬಿದ್ದಂತಾಗುವದು. ಕೊನೆಗೆ ಹೊಳಪಿಲ್ಲದ ವಾರ್ನಿಶು. ಕುಂಚವನ್ನು ಬಾಯಿಂದ ಚೂಪು ಮಾಡುವ ಚಾಳಿಯನ್ನು ಮಕ್ಕಳಿಗೆ ಬೀಳಗೊಡಬಾರದು.

ಹೀಗೆ ನಲವತ್ತು ಸಿಪಾಯಿಗಳು ಸಿದ್ಧವಾಗಲು ಎಷ್ಟೋ ಸಂಜೆಗಳು ಬೇಕು. ಈ ವಿಲಂಬವೇ ಆಟದ ತಿರುಳು. ಅಂಗಡಿಯಿಂದ ತಂದು ಸುರುವಿದ ಸೈನ್ಯವನ್ನು ಹುಡುಗನು ಒಂದು ಕ್ಷಣದಲ್ಲಿ ಕೆಡವಿಬಿಡುವನು. ತಾನೇ ಮುಖ ಬರೆದು, ಮುಂಡಾಸು ಸುತ್ತಿ ನಿಲ್ಲಿಸಿದವನನ್ನು ಹಾಗೆ ಕೆಡವಲು ಅವನ ಕೈ ಅಷ್ಟು ಸುಲಭವಾಗಿ ಏಳುವದಿಲ್ಲ. ಅದರಲ್ಲಿಯೂ ಹಲವು ಕಾಳಗಗಳನ್ನು ಒಂದಕ್ಕೊಂದು ಹೆಣೆದ ದಂಡಯಾತ್ರೆಯ ಆಟದಲ್ಲಿ, ಇಂದು ಬಿದ್ದವನು ನಾಳೆಯ ಕಾಳಗಕ್ಕೆ ಏಳುವದಿಲ್ಲ. ಮದ್ದುಗುಂಡು, ದವಸ, ದಾರಿಯ ದೂರ, ಮಳೆಗಾಲದ ಹಳ್ಳ, ಇವೆಲ್ಲವನ್ನೂ ವಹಿಯಲ್ಲಿ ಬರೆದಿಡಬೇಕಾಗುವದು. ಗೆಲವಿಗೂ ಬೆಲೆಯುಂಟೆಂಬುದು ಆ ವಹಿಯಿಂದ ಹುಡುಗರಿಗೆ ತಾನಾಗಿ ತಿಳಿಯುವದು.

ವಿಷಯವನ್ನು ದೂರ ಹುಡುಕಬೇಕಾಗಿಲ್ಲ. ತುಬಚಿಯ ಮನೆಯೊಂದರಲ್ಲಿ ಈ ಆಟವನ್ನು ಹೂಡುವವರು ನೆಪೋಲಿಯನ್ನನ ದಂಡಿಗಿಂತ ಮೊದಲು ನೆರೆಯ ಮುಧೋಳ ತಾಲೂಕಿನ ಹಲಗಲಿಯನ್ನು ನೆನೆಯಲಿ. 1857ರಲ್ಲಿ ಕುಂಪಣಿ ಸರಕಾರವು ಜನರ ಹತ್ಯಾರುಗಳನ್ನು ಕಿತ್ತುಕೊಳ್ಳುವ ಕಾಯಿದೆಯನ್ನು ತರಲು, ಹಲಗಲಿಯ ಬೇಡರು ಒಪ್ಪಿಸಲೊಲ್ಲದೆ ತಿರುಗಿಬಿದ್ದರು. ಹನುಮ, ಬಾಲ, ಜಡಗ, ರಾಮ ಎಂಬವರ ಹೆಸರುಗಳನ್ನು ಲಾವಣಿಯು ಇಂದಿಗೂ ಉಳಿಸಿದೆ. ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಬಹಳ ಜನರು ಮಡಿದರು. ಸೆರೆಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು.

ಬೇಡರ ಗೊಂಬೆಗಳು ಪೇಟೆಯಲ್ಲಿ ಸಿಕ್ಕದಿದ್ದರೆ ಚಿಂತೆಯಿಲ್ಲ. ಎರೆಮಣ್ಣಿಗೆ ತುಸು ಅರಳೆಯನ್ನು ಕೂಡಿಸಿ ಹದವಾಗಿ ನಾದಿ, ನೆರಳಿನಲ್ಲಿ ಒಣಗಿಸಿದರೆ ಬಿರುಕು ಬಿಡುವದು ಕಡಿಮೆ. ಮಣ್ಣೆತ್ತು ಮಾಡಿದ ಕೈಗೆ ಇದು ಕಷ್ಟವಲ್ಲ. ಬಣ್ಣ ಹಚ್ಚುವಾಗ ಹುಡುಗರು ಒಂದನ್ನು ಕಂಡೇ ಕಾಣುವರು. ಕುಂಪಣಿಯ ದಂಡಿನಲ್ಲಿ ದೊರೆಗಳು ಕೆಲವರು. ಉಳಿದವರು ಹೆಚ್ಚಾಗಿ ಈ ದೇಶದ ಸಿಪಾಯಿಗಳೇ. ಉಡುಪಿಗೆ ಬೇರೆ ಬೇರೆ ಬಣ್ಣಗಳು ಬೇಕಾದರೂ, ಬೇಡನ ಮುಖಕ್ಕೂ ಅವನ ಮೇಲೆ ಗುಂಡು ಹಾರಿಸುವ ಸಿಪಾಯಿಯ ಮುಖಕ್ಕೂ ಒಂದೇ ಸೀಸೆಯ ಬಣ್ಣ ಸಾಕಾಗುವದು. ಇದೇಕೆ ಹೀಗೆಂದು ಹುಡುಗನು ಕೇಳಿದರೆ, ಹಿರಿಯರು ಕುಂಚವನ್ನು ಕೆಳಗಿಟ್ಟು ಉತ್ತರ ಹೇಳತಕ್ಕದ್ದು.

ಒಂದು ಕಟ್ಟಳೆಯನ್ನು ಮಾತ್ರ ಮೀರಲಾಗದು. ನಕಾಶೆಯ ಮೇಲೆ ದಂಡು ನಡೆಯಲಿ, ಕಾವಲು ನಿಲ್ಲಲಿ, ಕಾಳಗವೂ ಆಗಲಿ. ಆದರೆ ಹೆಂಗಸರು ಮಕ್ಕಳಿದ್ದ ಊರಿಗೆ ಬಿದ್ದ ಬೆಂಕಿಯನ್ನೂ ಗಲ್ಲಿನ ಮರವನ್ನೂ ದಾಳದ ಮೇಲೆ ಬಿಡಬಾರದು. ಆ ಘಟ್ಟಕ್ಕೆ ಬಂದಾಗ ಆಟವನ್ನು ನಿಲ್ಲಿಸಿ, ಮನೆಯ ಹಿರಿಯರು ಮುಂದಿನ ಕಥೆಯನ್ನು ಬಾಯಿಂದ ಹೇಳಲಿ. ಲಾವಣಿ ಬಲ್ಲವರಿದ್ದರೆ ಹಾಡಲಿ. ಎಲ್ಲಿಯವರೆಗೆ ಆಟ, ಎಲ್ಲಿಂದ ಮುಂದೆ ಆಟವಲ್ಲ ಎಂಬ ವಿವೇಕವನ್ನು ಮಗುವಿಗೆ ಕಲಿಸಲು, ಅಂಗುಲದ ಈ ಸಿಪಾಯಿಗಳಿಗಿಂತ ಅಗ್ಗದ ಗುರುಗಳು ಗೃಹಸ್ಥರಿಗೆ ಸಿಕ್ಕುವದು ಅಪರೂಪ.