ಮೂರು ಸಾವಿರ ಸಹಿ, ಒಂದು ಮಾತ್ರೆ

1999ರ ಉತ್ತರಾರ್ಧದಲ್ಲಿ ಸ್ವಿಟ್ಜರ್ಲೆಂಡಿನ ನೊವಾರ್ಟಿಸ್ ಔಷಧ ಕಂಪನಿಯ ಮುಖ್ಯಸ್ಥ ಡೇನಿಯಲ್ ವಾಸೆಲ್ಲಾ ಅವರಿಗೆ ಒಂದು ಮನವಿಪತ್ರ ತಲುಪಿತು. ಅದರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸಹಿಗಳಿದ್ದವು. ಆ ಹೊತ್ತಿಗೆ ಹೆಸರೂ ಇಲ್ಲದೆ ಎಸ್‌ಟಿಐ571 ಎಂಬ ಗುರುತಿನಲ್ಲಷ್ಟೇ ಇದ್ದ ಒಂದು ಮಾತ್ರೆಯನ್ನು ಬೇಗ, ಹೆಚ್ಚು ಪ್ರಮಾಣದಲ್ಲಿ ತಯಾರಿಸಿ ಎಂಬುದು ಸಹಿ ಹಾಕಿದವರ ಬೇಡಿಕೆ. ಸಹಿ ಸಂಗ್ರಹಕ್ಕೆ ಮುಂದಾದವರು ಕೆನಡಾದ ಮಾಂಟ್ರಿಯಲ್ ನಗರದ ಒಬ್ಬ ಮಹಿಳೆ. ಅವರಿಗೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ನಿಧಾನವಾಗಿ ಬೆಳೆದು ಒಮ್ಮೆಗೇ ಕೆರಳುವ ಒಂದು ಬಗೆಯ ರಕ್ತದ ಕ್ಯಾನ್ಸರ್. ಇಂಟರ್‌ಫೆರಾನ್ ಚುಚ್ಚುಮದ್ದಿನ ಜ್ವರ, ಸುಸ್ತು, ಖಿನ್ನತೆಯಲ್ಲಿ ದಿನ ತಳ್ಳುತ್ತಿದ್ದ ಇಂಥ ರೋಗಿಗಳು ಇಂಟರ್ನೆಟ್ಟಿನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡಿದ್ದರು. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ವೈದ್ಯ ಬ್ರಯನ್ ಡ್ರೂಕರ್ 1998ರ ಜೂನ್‌ನಲ್ಲಿ ಆರಂಭಿಸಿದ್ದ ಈ ಮಾತ್ರೆಯ ಪ್ರಯೋಗಕ್ಕೆ ಸೇರಿದವರು ತಮ್ಮ ರಕ್ತದ ಕೌಂಟ್ ಇಳಿದದ್ದನ್ನು ಇಂಟರ್ನೆಟ್ಟಿನಲ್ಲಿ ಬರೆದರು. ಕೌಂಟ್ ಓದಲು ಬಲ್ಲ ಉಳಿದ ರೋಗಿಗಳಿಗೆ ಆ ಅಂಕಿಗಳ ಅರ್ಥ ತಕ್ಷಣ ಹೊಳೆಯಿತು. ಔಷಧ ಇದೆ, ಕೆಲಸ ಮಾಡುತ್ತಿದೆ, ಆದರೆ ಎಲ್ಲರಿಗೂ ಸಾಲುವಷ್ಟು ತಯಾರಾಗುತ್ತಿಲ್ಲ ಎಂಬ ಸಂಗತಿ ಅವರಿಗೆ ತಿಳಿದದ್ದು ಹೀಗೆ.

ಅಮೆರಿಕದಲ್ಲಿ ವರ್ಷಕ್ಕೆ ಕೆಲವೇ ಸಾವಿರ ಜನರಿಗೆ ಬರುವ ಕಾಯಿಲೆ ಅದು. ಅಷ್ಟು ಚಿಕ್ಕ ಮಾರುಕಟ್ಟೆಗೆ ದೊಡ್ಡ ಬಂಡವಾಳ ಹೂಡಲು ಕಂಪನಿಯೊಳಗೆ ಹಿಂಜರಿಕೆ ಇತ್ತು. ಮನವಿ ಬಂದ ಮೇಲೆ ತಯಾರಿಕೆ ಚುರುಕಾಯಿತು, ಪ್ರಯೋಗ ಹಿಗ್ಗಿತು, 2001ರ ಮೇ 10ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಗ್ಲೀವೆಕ್ ಎಂಬ ಹೆಸರು ಪಡೆದ ಆ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಎಲ್ಲವೂ ಸಹಿಗಳಿಂದಲೇ ಆಯಿತೆಂದರೆ ಉತ್ಪ್ರೇಕ್ಷೆಯಾದೀತು. ಆ ವರ್ಷ ಪ್ರಕಟವಾದ ಮೊದಲ ಹಂತದ ವರದಿಯಲ್ಲಿ, ಇಂಟರ್‌ಫೆರಾನ್ ಕೈಕೊಟ್ಟಿದ್ದ 54 ರೋಗಿಗಳಿಗೆ ತಕ್ಕ ಪ್ರಮಾಣದ ಔಷಧ ಕೊಟ್ಟಾಗ 53 ಮಂದಿಯ ರಕ್ತದ ಕೌಂಟ್ ಸಹಜ ಸ್ಥಿತಿಗೆ ಮರಳಿತ್ತು. ಇಂಥ ಫಲಿತಾಂಶವನ್ನು ಯಾವ ಕಂಪನಿಯೂ ಬಹುಕಾಲ ಮೂಲೆಗಿಡಲಾರದು. ಆದರೆ ರಕ್ತದ ಕ್ಯಾನ್ಸರಿನಲ್ಲಿ ಕೆಲವು ತಿಂಗಳ ಅಂತರವೂ ಜೀವ ಉಳಿಸುತ್ತದೆ ಅಥವಾ ಕಳೆಯುತ್ತದೆ. ಆ ತಿಂಗಳುಗಳನ್ನು ಗೆದ್ದುಕೊಟ್ಟವರು ರೋಗಿಗಳೇ. ಒಂದೇ ಕಾಯಿಲೆಯವರ ಒಡನಾಟ ಎಂದರೆ ಚಿಕಿತ್ಸೆಯ ಜೊತೆಗೆ ಸಿಗುವ ಸಾಂತ್ವನ ಎಂದಷ್ಟೇ ನಾವು ತಿಳಿದಿದ್ದೇವೆ. ಅದರ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಅನುಭವಿಗಳ ತಿಳಿವಳಿಕೆ ಚಿಕಿತ್ಸೆಯ ಒಂದು ಅಂಗ. ಅದನ್ನು ಬರಿಯ ಸಾಂತ್ವನದ ಮಟ್ಟಕ್ಕೆ ಇಳಿಸಿದಾಗಲೆಲ್ಲ ರೋಗಿಗಳು ನಷ್ಟ ಅನುಭವಿಸಿದ್ದಾರೆ.

ಕ್ಯಾನ್ಸರ್ ಬಂದಿದೆ ಎಂಬ ಮಾತನ್ನೇ ರೋಗಿಗೆ ಹೇಳದಿದ್ದ ಕಾಲವೊಂದಿತ್ತು. 1961ರಲ್ಲಿ ಡೊನಾಲ್ಡ್ ಓಕನ್ ಷಿಕಾಗೋದ 219 ವೈದ್ಯರನ್ನು ಕೇಳಿದಾಗ ಶೇ. 90ರಷ್ಟು ಮಂದಿ ಹೇಳದಿರುವುದೇ ಲೇಸೆಂದರು. ಕಾಯಿಲೆಯ ಹೆಸರೇ ಗೊತ್ತಿಲ್ಲದವರು ಅದೇ ಕಾಯಿಲೆಯ ಇನ್ನೊಬ್ಬರನ್ನು ಹುಡುಕುವುದಾದರೂ ಹೇಗೆ? ಈ ಮೌನದ ನಡುವೆಯೇ ನ್ಯೂಯಾರ್ಕಿನ ಟೆರೀಸ್ ಲಾಸರ್ ಎಂಬ ಗಟ್ಟಿಗಿತ್ತಿ ಕೆಲಸ ಆರಂಭಿಸಿದ್ದರು. ತೆರಿಗೆ ಲೆಕ್ಕದ ಕೈಪಿಡಿಗಳಿಂದ ಅಮೆರಿಕದ ಮನೆಮಾತಾಗಿದ್ದ ಜೆ. ಕೆ. ಲಾಸರ್ ಅವರ ಹೆಂಡತಿ ಈಕೆ. 1952ರಲ್ಲಿ ಇವರಿಗೆ ಆಗಿನ ಪದ್ಧತಿಯಂತೆ ಸ್ತನದ ಜೊತೆಗೆ ಎದೆಯ ಸ್ನಾಯುವನ್ನೂ ಕಂಕುಳ ಗ್ರಂಥಿಗಳನ್ನೂ ತೆಗೆಯುವ ಶಸ್ತ್ರಚಿಕಿತ್ಸೆ ಆಯಿತು. ಗಾಯ ಮಾಯುವುದನ್ನು ವೈದ್ಯರು ನೋಡಿಕೊಂಡರು. ತೋಳು ಮೇಲೆತ್ತುವುದು ಹೇಗೆ, ಯಾವ ಬಟ್ಟೆ ತೊಡಬೇಕು, ಗಂಡನೆದುರು ಹೇಗೆ ನಿಲ್ಲಬೇಕು ಎಂಬುದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ. ಲಾಸರ್ ಇವನ್ನೆಲ್ಲ ತಾವೇ ಕಂಡುಕೊಂಡರು. ಬಳಿಕ ಒಂದು ರಬ್ಬರ್ ಚೆಂಡು, ಒಂದು ಹಗ್ಗ, ಒಳಉಡುಪಿನಲ್ಲಿ ಇಟ್ಟುಕೊಳ್ಳುವ ತಾತ್ಕಾಲಿಕ ಕೃತಕ ಸ್ತನ, ಇಷ್ಟನ್ನು ಚೀಲಕ್ಕೆ ಹಾಕಿಕೊಂಡು ಇತರ ಹೆಂಗಸರ ಹಾಸಿಗೆಯ ಬಳಿಗೆ ಹೋದರು. ಚೆಂಡು, ಹಗ್ಗ ಎರಡೂ ತೋಳಿನ ವ್ಯಾಯಾಮಕ್ಕೆ. ವೈದ್ಯರ ಅಪ್ಪಣೆಗೆ ಅವರು ಕಾಯಲಿಲ್ಲ. ಹಲವು ಶಸ್ತ್ರವೈದ್ಯರು ಸಿಡಿಮಿಡಿಗೊಂಡರು, ಬಾಗಿಲು ಮುಚ್ಚಿದ ಆಸ್ಪತ್ರೆಗಳೂ ಇದ್ದವು. ಅವರು ಕಟ್ಟಿದ ಬಳಗಕ್ಕೆ 'ರೀಚ್ ಟು ರಿಕವರಿ' ಎಂಬ ಹೆಸರು ಬಂತು.

1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಈ ಬಳಗವನ್ನು ತನ್ನ ತೆಕ್ಕೆಗೆ ತೆಗೆದುಕೊಂಡಿತು. ದೇಶದ ಉದ್ದಗಲಕ್ಕೂ ಸ್ವಯಂಸೇವಕಿಯರು ಸಿದ್ಧರಾದರು, ಆಸ್ಪತ್ರೆಗಳು ಬಾಗಿಲು ತೆರೆದವು. ಲಾಭ ದೊಡ್ಡದು, ನಷ್ಟವೂ ಸಣ್ಣದಲ್ಲ. ಭೇಟಿಗೆ ಹೋಗುವವರು ವೈದ್ಯಕೀಯ ವಿಚಾರ ಎತ್ತಬಾರದೆಂಬ ಕಟ್ಟುಪಾಡು ಜೊತೆಗೇ ಬಂತು. ಧೈರ್ಯ ಹೇಳಬಹುದು, ಬಟ್ಟೆಬರೆಯ ಮಾತಾಡಬಹುದು, ಈ ಶಸ್ತ್ರಚಿಕಿತ್ಸೆ ಬೇಕಿತ್ತೇ ಎಂದು ಮಾತ್ರ ಕೇಳುವಂತಿಲ್ಲ. ಆಗ ಕೇಳಲೇಬೇಕಾಗಿದ್ದ ಪ್ರಶ್ನೆ ಅದೇ ಆಗಿತ್ತು. ಗಂಟು ಪರೀಕ್ಷೆಗೆಂದು ಅರಿವಳಿಕೆ ಪಡೆದ ಹೆಂಗಸು ಎಚ್ಚರಗೊಳ್ಳುವಷ್ಟರಲ್ಲಿ ಸ್ತನವೇ ಇರುತ್ತಿರಲಿಲ್ಲ. ಪರೀಕ್ಷೆ, ಶಸ್ತ್ರಚಿಕಿತ್ಸೆ ಎರಡನ್ನೂ ಒಟ್ಟಿಗೆ ಮುಗಿಸುವುದು ರೂಢಿಯಾಗಿತ್ತು. 1974ರಲ್ಲಿ ಸ್ತನ ಕ್ಯಾನ್ಸರಿಗೆ ಒಳಗಾದ ಪತ್ರಕರ್ತೆ ರೋಸ್ ಕುಶ್ನರ್ ಈ ರೂಢಿಗೆ ಒಪ್ಪಲಿಲ್ಲ. ಮೊದಲು ಪರೀಕ್ಷೆ, ಆಮೇಲೆ ನನ್ನ ತೀರ್ಮಾನ ಎಂದು ಹಟ ಹಿಡಿದರು. ಮರುವರ್ಷ ಪುಸ್ತಕ ಬರೆದರು, ಸಲಹಾ ಕೇಂದ್ರ ತೆರೆದು ಹೆಂಗಸರ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಮಿತಿಯಲ್ಲಿ ಅವರೂ ಕುಳಿತಿದ್ದರು. ಪರೀಕ್ಷೆ ಬೇರೆ, ಶಸ್ತ್ರಚಿಕಿತ್ಸೆ ಬೇರೆ ಇರಬೇಕೆಂದು ಆ ಸಮಿತಿ ಹೇಳಿತು. ಲಾಸರ್ ಬಳಗ ಬಿಟ್ಟುಕೊಟ್ಟ ಪ್ರಶ್ನೆಯನ್ನು ಕುಶ್ನರ್ ಕೈಗೆತ್ತಿಕೊಂಡದ್ದು ಇದಕ್ಕೆ ನೆರವಾಯಿತು. ಅದೇ 1979ರ ಇನ್ನೊಂದು ಸಮೀಕ್ಷೆಯಲ್ಲಿ ಶೇ. 97ರಷ್ಟು ವೈದ್ಯರು ರೋಗಿಗೆ ನಿಜ ಹೇಳುತ್ತೇವೆ ಎಂದರು. ಹದಿನೆಂಟು ವರ್ಷಗಳಲ್ಲಿ ಗಾಳಿ ಪೂರ್ತಿ ತಿರುಗಿತ್ತು.

ಇಲ್ಲಿಂದ ಮುಂದೆ ಒಡನಾಟದ ಕುರಿತ ಚರ್ಚೆ ದಾರಿ ತಪ್ಪಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವೈದ್ಯ ಡೇವಿಡ್ ಸ್ಪೀಗೆಲ್ 1989ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ದೇಹದ ಬೇರೆಡೆಗೂ ಹರಡಿದ ಸ್ತನ ಕ್ಯಾನ್ಸರಿನ 86 ಹೆಂಗಸರ ಅಧ್ಯಯನ ಅದು. ವಾರಕ್ಕೊಮ್ಮೆ ಒಟ್ಟಿಗೆ ಕುಳಿತು ಮಾತಾಡುತ್ತಿದ್ದವರು ಸರಾಸರಿ 36.6 ತಿಂಗಳು ಬದುಕಿದ್ದರು, ಉಳಿದವರು 18.9 ತಿಂಗಳು. ಸುದ್ದಿ ಜಗತ್ತಿಡೀ ಹಬ್ಬಿತು. ಮಾತೇ ಮದ್ದು ಎಂದು ನಂಬಿದವರಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ಆದರೆ 2001ರಲ್ಲಿ ಕೆನಡಾದ ಪಮೇಲಾ ಗುಡ್‌ವಿನ್ ಮತ್ತು ಸಂಗಡಿಗರು 235 ಹೆಂಗಸರಲ್ಲಿ ಇದನ್ನೇ ಪರೀಕ್ಷಿಸಿದಾಗ ಗುಂಪಿನಲ್ಲಿದ್ದವರ ಬದುಕಿನ ಮಧ್ಯಾಂಕ ಅವಧಿ 17.9 ತಿಂಗಳು, ಇಲ್ಲದವರದು 17.6 ತಿಂಗಳು ಎಂದು ಕಂಡಿತು. ಸ್ಪೀಗೆಲ್ ತಾವೇ 125 ಹೆಂಗಸರಲ್ಲಿ ಮರುಪರೀಕ್ಷೆ ನಡೆಸಿ, ಒಟ್ಟಾರೆ ಆಯುಸ್ಸು ಹೆಚ್ಚಲಿಲ್ಲವೆಂದು 2007ರಲ್ಲಿ ಪ್ರಾಮಾಣಿಕವಾಗಿ ಬರೆದರು. ಹಾಗಾದರೆ ಈ ಗುಂಪುಗಳೇ ವ್ಯರ್ಥ ಎಂದವರಿದ್ದಾರೆ. ಅವರು ಗುಡ್‌ವಿನ್ ವರದಿಯ ಇನ್ನರ್ಧವನ್ನು ಬಿಟ್ಟುಬಿಡುತ್ತಾರೆ. ಗುಂಪಿನಲ್ಲಿದ್ದವರ ನೋವು ಕಡಿಮೆಯಾಗಿತ್ತು, ಮನಸ್ಸಿನ ತಳಮಳ ತಗ್ಗಿತ್ತು, ಅದರಲ್ಲೂ ಮೊದಲಿಗೆ ಹೆಚ್ಚು ಸಂಕಟದಲ್ಲಿದ್ದವರಿಗೆ ಹೆಚ್ಚು ಉಪಕಾರವಾಗಿತ್ತು. ಸಾಯುವವರ ನೋವು ಕಡಿಮೆ ಮಾಡುವ ಔಷಧವನ್ನು ಆಯುಸ್ಸು ಹೆಚ್ಚಿಸಲಿಲ್ಲವೆಂದು ಯಾವ ವೈದ್ಯರೂ ಎಸೆಯುವುದಿಲ್ಲ. ಒಡನಾಟಕ್ಕೆ ಮಾತ್ರ ಈ ಅಳತೆಗೋಲು ಏಕೆ?

ಮಾತಿನಿಂದ ಆಯುಸ್ಸು ಹೆಚ್ಚಿದ ದಾಖಲೆಯೂ ಇದೆ, ಅದರ ಕಾರಣ ಮಾತ್ರ ಬೇರೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟ್ಟರಿಂಗ್ ಆಸ್ಪತ್ರೆಯಲ್ಲಿ ಈಥನ್ ಬ್ಯಾಶ್ ಮತ್ತು ಸಂಗಡಿಗರು, ಕೀಮೋ ಪಡೆಯುತ್ತಿದ್ದ 766 ರೋಗಿಗಳ ಪೈಕಿ ಒಂದು ಗುಂಪಿನವರಿಗೆ ವಾಂತಿ, ನೋವು, ಸುಸ್ತು ಮುಂತಾದವನ್ನು ಆಗಿಂದಾಗ್ಗೆ ಕಂಪ್ಯೂಟರಿನಲ್ಲಿ ದಾಖಲಿಸಲು ಅನುಕೂಲ ಮಾಡಿಕೊಟ್ಟರು. ತೊಂದರೆ ಬಿಗಡಾಯಿಸಿದರೆ ನರ್ಸ್‌ಗೆ ತಕ್ಷಣ ಸೂಚನೆ ಹೋಗುತ್ತಿತ್ತು. 2017ರಲ್ಲಿ ಬಂದ ಫಲಿತಾಂಶದ ಪ್ರಕಾರ ಹೀಗೆ ದಾಖಲಿಸಿದವರು 31.2 ತಿಂಗಳು ಬದುಕಿದ್ದರು, ಉಳಿದವರು 26 ತಿಂಗಳು. ತೊಂದರೆ ಬೇಗ ಗೊತ್ತಾಯಿತು, ಉಪಚಾರ ಬೇಗ ಸಿಕ್ಕಿತು, ಕೀಮೋ ನಿಲ್ಲಿಸದೆ ಹೆಚ್ಚು ಕಾಲ ಮುಂದುವರಿಸಲು ಆಯಿತು. ರೋಗಿ ಬಾಯಿಬಿಟ್ಟು ಹೇಳಬೇಕು, ಹೇಳಿದ್ದು ತಲುಪಬೇಕಾದವರಿಗೆ ತಲುಪಬೇಕು ಎಂಬುದೇ ಇದರ ಗುಟ್ಟು. ಕೀಮೋ ಆದ ಬಳಿಕ ಜ್ವರ ಬಂದರೆ ಕ್ರೋಸಿನ್ ನುಂಗಿ ಮಲಗಬಾರದು, ಆ ರಾತ್ರಿಯೇ ಆಸ್ಪತ್ರೆಗೆ ಓಡಬೇಕು ಎಂಬುದು ಬಿಡುಗಡೆ ಚೀಟಿಯಲ್ಲಿ ಬರೆದಿರುತ್ತದೆ. ಆದರೂ ಹಿಂಜರಿಯುವವರನ್ನು ಎಬ್ಬಿಸಿ ಕಳಿಸುವುದು ಆ ದಾರಿಯಲ್ಲಿ ಮೊದಲೇ ನಡೆದವರ ಮಾತು.

ರೋಗಿಗಳ ಬಳಗಗಳಲ್ಲಿ ತಪ್ಪು ಮಾಹಿತಿ ಹಬ್ಬುವುದಿಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಕ್ಯಾನ್ಸರಿಗೆ ಪ್ರಮಾಣಿತ ಚಿಕಿತ್ಸೆ ಬಿಟ್ಟು ಬದಲಿ ಪದ್ಧತಿಯನ್ನಷ್ಟೇ ಹಿಡಿದವರಿಗೆ ಸಾವಿನ ಅಪಾಯ ಎರಡೂವರೆ ಪಟ್ಟು ಹೆಚ್ಚಿತ್ತೆಂದು ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ತೋರಿಸಿದ್ದಾರೆ. ಒಂದು ಸುಳ್ಳು ಸಂದೇಶ ಜೀವ ತೆಗೆಯಬಲ್ಲದು. ಆದರೆ ರೋಗಿಗಳೇ ಕಟ್ಟಿ, ರೋಗಿಗಳೇ ಕಾವಲು ಕಾಯುವ ಬಳಗದಲ್ಲಿ ಏನಾಗುತ್ತದೆ ಎಂಬುದನ್ನೂ ಪರೀಕ್ಷಿಸಿದ್ದಾರೆ. ಸ್ತನ ಕ್ಯಾನ್ಸರ್ ರೋಗಿಗಳ ಒಂದು ಇಂಟರ್ನೆಟ್ ಬಳಗದ 4,600 ಬರಹಗಳಲ್ಲಿ ತಪ್ಪು ಅಥವಾ ದಾರಿತಪ್ಪಿಸುವಂಥವು ಹತ್ತೇ ಹತ್ತು. ಅವುಗಳಲ್ಲಿ ಏಳನ್ನು ಬಳಗದವರೇ ಸರಾಸರಿ ನಾಲ್ಕೂವರೆ ಗಂಟೆಯೊಳಗೆ ತಿದ್ದಿದ್ದರು. 2006ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪ್ರಕಟಿಸಿದ ಅಂಕಿಗಳಿವು. ಇವು ಒಂದು ಅನುಭವಿ ಬಳಗಕ್ಕೆ ಸಂಬಂಧಿಸಿದವು, ಇಂದಿನ ಪ್ರತಿಯೊಂದು ವಾಟ್ಸ್ಆ್ಯಪ್ ಗುಂಪಿಗೂ ಇದೇ ಪ್ರಮಾಣಪತ್ರ ಕೊಡಲಾಗದು. ಆದರೂ ಒಂದು ಮಾತು ಸ್ಪಷ್ಟ. ತಿದ್ದುವವರಿಲ್ಲದ ಕಡೆ ಸುಳ್ಳು ಬೆಳೆಯುತ್ತದೆ. ತಿದ್ದುವವರಿರುವ ಬಳಗಗಳನ್ನು ಬೆಳೆಸುವುದೇ ಅದಕ್ಕೆ ಉತ್ತರ, ಎಲ್ಲ ಬಾಗಿಲು ಮುಚ್ಚುವುದು ಅಲ್ಲ.

ಇನ್ನೂ ಗಟ್ಟಿಯಾದ ಆಕ್ಷೇಪ ಆ ಮನವಿಪತ್ರ ಹೋದ ಅದೇ 1999ರಲ್ಲೇ ಸಿಗುತ್ತದೆ. ಆ ದಶಕದುದ್ದಕ್ಕೂ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ರೋಗಿಗಳು ಅತಿ ಹೆಚ್ಚು ಪ್ರಮಾಣದ ಕೀಮೋ ಮತ್ತು ಅಸ್ಥಿಮಜ್ಜೆ ಕಸಿಗಾಗಿ ಹೋರಾಡಿದ್ದರು. ಖರ್ಚು ಕೊಡಲೊಲ್ಲದ ವಿಮಾ ಕಂಪನಿಗಳನ್ನು ಕೋರ್ಟಿಗೆ ಎಳೆದಿದ್ದರು. 1993ರ ಒಂದು ಮೊಕದ್ದಮೆಯಲ್ಲಿ 89 ದಶಲಕ್ಷ ಡಾಲರ್ ಪರಿಹಾರದ ತೀರ್ಪೂ ಬಂದಿತ್ತು. 1999ರಲ್ಲಿ ದೊಡ್ಡ ಪ್ರಯೋಗಗಳ ಫಲಿತಾಂಶ ಬಂದಾಗ ಆ ಯಾತನಾಮಯ ಚಿಕಿತ್ಸೆಯಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದು ತಿಳಿಯಿತು. ಪ್ರಯೋಜನವಿದೆ ಎಂದಿದ್ದ ದಕ್ಷಿಣ ಆಫ್ರಿಕಾದ ವರ್ನರ್ ಬೆಜ್ವೋಡಾ ಅವರ ವರದಿ ಮರುವರ್ಷ ಮೋಸವೆಂದು ಬಯಲಾಯಿತು. ರೋಗಿಗಳ ಒತ್ತಡ ಎಂದಾಕ್ಷಣ ಅದು ಸರಿಯಾಗಿರಬೇಕಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಎರಡರ ನಡುವಿನ ವ್ಯತ್ಯಾಸ ಎಲ್ಲಿದೆ? ಕಸಿಗಾಗಿ ಹೋರಾಡಿದವರ ಕೈಯಲ್ಲಿ ಆಸೆ ಇತ್ತು, ವೈದ್ಯರ ಭರವಸೆ ಇತ್ತು, ಪುರಾವೆ ಇರಲಿಲ್ಲ. ಎಸ್‌ಟಿಐ571 ಕೇಳಿದವರು ಪ್ರಯೋಗದಲ್ಲಿದ್ದವರ ರಕ್ತದ ಕೌಂಟ್ ನೋಡಿದ್ದರು. ಕಸಿಯ ವಿಚಾರದಲ್ಲೂ ತಪ್ಪು ರೋಗಿಗಳದಷ್ಟೇ ಆಗಿರಲಿಲ್ಲ, ಪರೀಕ್ಷೆ ಮುಗಿಯುವ ಮುಂಚೆ ಮಾರಾಟಕ್ಕಿಳಿದ ಆಸ್ಪತ್ರೆಗಳೂ ಪಾಲುದಾರರು. ರೋಗಿಗಳಿಗೆ ವಿಜ್ಞಾನ ಓದಲು ಕಲಿಸುವುದೇ ಇದಕ್ಕೆ ಮದ್ದೆಂದು ಅಮೆರಿಕದ ನ್ಯಾಷನಲ್ ಬ್ರೆಸ್ಟ್ ಕ್ಯಾನ್ಸರ್ ಕೊಲಿಷನ್ 1995ರಿಂದಲೇ ತನ್ನವರಿಗೆ ತರಬೇತಿ ಶಿಬಿರ ನಡೆಸುತ್ತ ಬಂದಿತ್ತು.

ಗ್ಲೀವೆಕ್ ಕಥೆಯ ಉತ್ತರಾರ್ಧ ನಮ್ಮ ದೇಶದಲ್ಲಿ ನಡೆಯಿತು. ಇಲ್ಲಿ ಗ್ಲಿವೆಕ್ ಎಂದು ಕರೆಸಿಕೊಂಡ ಆ ಮಾತ್ರೆಗೆ ಆಗ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಆಗುತ್ತಿತ್ತು. ಭಾರತದ ಕಂಪನಿಗಳು ಅದೇ ಔಷಧವನ್ನು ಎಂಟು ಹತ್ತು ಸಾವಿರಕ್ಕೆ ಕೊಡಬಲ್ಲವಾಗಿದ್ದವು. ನೊವಾರ್ಟಿಸ್ ಕೇಳಿದ ಪೇಟೆಂಟನ್ನು ವಿರೋಧಿಸಿದವರಲ್ಲಿ ಮುಂಬೈಯ ಕ್ಯಾನ್ಸರ್ ಪೇಷೆಂಟ್ಸ್ ಏಡ್ ಅಸೋಸಿಯೇಷನ್ ಇತ್ತು. 2006ರಲ್ಲಿ ಚೆನ್ನೈನ ಪೇಟೆಂಟ್ ಕಚೇರಿ ಅರ್ಜಿ ತಿರಸ್ಕರಿಸಿತು, 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಅದೇ ನಿಲುವನ್ನು ಎತ್ತಿಹಿಡಿಯಿತು. ಕಂಪನಿ ಹಲವು ರೋಗಿಗಳಿಗೆ ಉಚಿತವಾಗಿ ಔಷಧ ಕೊಟ್ಟದ್ದು ನಿಜ, ಅದನ್ನು ಮರೆಯಬಾರದು. ಆದರೆ ಒಬ್ಬರ ಔದಾರ್ಯದಿಂದ ಸಿಗುವುದಕ್ಕೂ ಹಕ್ಕಿನಿಂದ ಸಿಗುವುದಕ್ಕೂ ಅಂತರವಿದೆ. ಒಂದು ಖಂಡದಲ್ಲಿ ರೋಗಿಗಳ ಒಗ್ಗಟ್ಟು ಈ ಮಾತ್ರೆಯ ತಯಾರಿಕೆಗೆ ವೇಗ ಕೊಟ್ಟಿತು, ಇನ್ನೊಂದು ಖಂಡದಲ್ಲಿ ಅದು ಕೈಗೆಟುಕುವ ಬೆಲೆಯಲ್ಲಿ ಸಿಗುವಂತೆ ಮಾಡುವಲ್ಲಿ ಪಾಲು ಪಡೆಯಿತು.

ನಮ್ಮಲ್ಲಿ ಕುಟುಂಬವಿದೆ, ಬಂಧುಬಳಗವಿದೆ, ಅಪರಿಚಿತರ ಆಸರೆ ಏಕೆ ಎನ್ನುವವರಿದ್ದಾರೆ. ಮನೆಯವರ ಸೇವೆಗೆ ಸಾಟಿಯಿಲ್ಲ. ಆದರೆ ಅವರು ಕೀಮೋ ಪಡೆದವರಲ್ಲ, ವಿಕಿರಣದ 'ಕರೆಂಟ್' ಕೊಟ್ಟ ಮೇಲೆ ಗಂಟಲಲ್ಲಿ ಅನ್ನ ಇಳಿಯದ ಕಷ್ಟ ಉಂಡವರಲ್ಲ. ಅಮ್ಮನಿಗೆ ಹೇಳಬೇಡಿ, ಅಪ್ಪ ಕುಗ್ಗಿಹೋಗುತ್ತಾರೆ ಎಂದು ವೈದ್ಯರ ಕೋಣೆಯ ಹೊರಗೆ ಬೇಡಿಕೊಳ್ಳುವವರೂ ಅವರೇ. ಓಕನ್ 1961ರಲ್ಲಿ ಕಂಡ ಮೌನವನ್ನು ನಮ್ಮಲ್ಲಿ ಇಂದಿಗೂ ಅನೇಕ ಮನೆಗಳು ಪ್ರೀತಿಯಿಂದಲೇ ಕಾಪಾಡಿಕೊಂಡು ಬಂದಿವೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ದೂರದ ಜಿಲ್ಲೆಗಳಿಂದ ಬರುವ ರೋಗಿಗೆ ಊರಿಗೆ ಮರಳಿದ ಮೇಲೆ ಕೇಳಲು ನೂರು ಪ್ರಶ್ನೆಗಳಿರುತ್ತವೆ. ಉತ್ತರಿಸಬಲ್ಲ ಅನುಭವಿ ಪಕ್ಕದ ತಾಲ್ಲೂಕಿನಲ್ಲೇ ಇದ್ದರೂ ಒಬ್ಬರಿಗೊಬ್ಬರು ಗೊತ್ತಿರುವುದಿಲ್ಲ. ಇಂಗ್ಲಿಷ್ ಬಲ್ಲವರಿಗೆ ಜಗತ್ತಿನ ಬಳಗಗಳೆಲ್ಲ ತೆರೆದಿವೆ. ಕನ್ನಡವಷ್ಟೇ ಬಲ್ಲವರಿಗೂ ಅಂಥ ನೆರವು ಸುಲಭವಾಗಿ ಸಿಗಬೇಕು.

ಇದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ. ಕ್ಯಾನ್ಸರ್ ಚಿಕಿತ್ಸೆ ಕೊಡುವ ಪ್ರತಿ ಆಸ್ಪತ್ರೆಯೂ ಚಿಕಿತ್ಸೆ ಮುಗಿಸಿದ, ಮಾತಾಡಲು ಒಪ್ಪಿದ ರೋಗಿಗಳ ಪಟ್ಟಿಯೊಂದನ್ನು ಇಟ್ಟುಕೊಳ್ಳಲಿ. ಅವರಿಗೆ ಕನ್ನಡದಲ್ಲಿ ಕೆಲವು ದಿನಗಳ ತರಬೇತಿ ಕೊಡಲಿ, ಅವರ ಬಳಗದ ಮಾತುಕತೆಯ ಮೇಲೆ ಒಬ್ಬ ನರ್ಸ್ ಕಣ್ಣಿಡಲಿ. ವೈದ್ಯಕೀಯ ವಿಚಾರ ಎತ್ತಬಾರದೆಂಬ ಹಳೆಯ ಕಟ್ಟುಪಾಡನ್ನು ಹೇರದೆ, ಸರಿಯಾದ ಪ್ರಶ್ನೆ ಕೇಳುವುದನ್ನು ಕಲಿಸಲಿ. ಮೊದಲ ಕೀಮೋ ಚೀಟಿ ಬರೆದುಕೊಡುವ ದಿನ ವೈದ್ಯರು ಅದೇ ಚಿಕಿತ್ಸೆ ಪಡೆದು ಮನೆಗೆ ಮರಳಿದ ಒಬ್ಬರ ದೂರವಾಣಿ ಸಂಖ್ಯೆಯನ್ನೂ ಅದರಲ್ಲಿ ಬರೆಯಲಿ. ಚಿಕಿತ್ಸೆ ಮುಗಿಸಿ ಚೇತರಿಸಿಕೊಂಡಿರುವ ಓದುಗರು ಯಾರೂ ಕೇಳಲೆಂದು ಕಾಯದೆ, ತಮ್ಮ ಸಂಖ್ಯೆಯನ್ನು ತಾವೇ ಆಸ್ಪತ್ರೆಗೆ ಕೊಟ್ಟು ಬರಲಿ.