ಬಾಗಿಲ ಸಂದಿಯಲ್ಲಿ ಕಳೆದುಹೋದ ಕರೆಂಟು

“ಮೂರು ಬಾಗ್ಲು ಲಾಕ್ ಆಗ್ತವೆ, ಹಿಂದಿನ ಎಡಗಡೇದು ಮಾತ್ರ ಆಗಲ್ಲ.” “ಬಿಸಿಲಿದ್ರೆ ಸರಿ, ಮಳೆ ಬಂದ್ರೆ ಕೈಕೊಡುತ್ತೆ.” “ಲಾಕ್ ಒತ್ತಿದ ಕೂಡ್ಲೇ ತಾನೇ ಬಿಚ್ಕೊಳುತ್ತೆ.” ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ಯಾವುದೋ ತಾಲ್ಲೂಕಿನ ಬಸ್‌ಸ್ಟ್ಯಾಂಡ್ ಹಿಂದಾಗಲಿ, ಆಟೊ ಎಲೆಕ್ಟ್ರಿಷಿಯನ್ ಅಂಗಡಿಗೆ ಬರುವ ಸೆಂಟ್ರಲ್ ಲಾಕಿನ ದೂರುಗಳು ಹೆಚ್ಚುಕಡಿಮೆ ಇಷ್ಟೇ. ದೂರು ಕೇಳಿದ್ದೇ ಸ್ಕ್ರೂಡ್ರೈವರ್ ಎತ್ತಿಕೊಳ್ಳುವವನು ಇನ್ನೂ ಕಲಿಯುತ್ತಿರುವ ಹುಡುಗ. ಪಳಗಿದವರು ಮೊದಲು ಪ್ರಶ್ನೆ ಕೇಳುತ್ತಾರೆ.

ಲಾಕಿನ ಒಳಗುಟ್ಟು ಸರಳ. ಪ್ರತಿ ಬಾಗಿಲೊಳಗೂ 12 ವೋಲ್ಟಿನ ಪುಟ್ಟ ಮೋಟರು, ಅದಕ್ಕೆ ಎರಡು ವೈರು. ಒಂದಕ್ಕೆ ಪ್ಲಸ್, ಇನ್ನೊಂದಕ್ಕೆ ಅರ್ತ್ ಕೊಟ್ಟರೆ ಮೋಟರು ಒಂದು ಕಡೆ ತಿರುಗಿ ಲಾಕ್ ಮಾಡುತ್ತದೆ. ಅದಲುಬದಲು ಮಾಡಿದರೆ ಬಿಡಿಸುತ್ತದೆ. ಈ ಅದಲುಬದಲು ರಿಲೇಗಳ ಕೆಲಸ. 1983ರಲ್ಲಿ ರಸ್ತೆಗಿಳಿದ ಮಾರುತಿ 800ಕ್ಕೆ ಇದ್ಯಾವುದೂ ಇರಲಿಲ್ಲ, ಬೇಕಾದವರು ಹೊರಗೆ ಕಿಟ್ ಹಾಕಿಸಬೇಕಿತ್ತು. ಅಂಥ ಕಿಟ್‌ಗಳಲ್ಲಿ ಚಾಲಕನ ಬಾಗಿಲಿನ ಮೋಟರಿಗೆ ಐದು ವೈರು, ಮಿಕ್ಕವಕ್ಕೆ ಎರಡೆರಡು. ಹೆಚ್ಚಿಗೆ ಇರುವ ಮೂರು, ಲಾಕ್ ಬಿತ್ತೋ ಇಲ್ಲವೋ ಎಂದು ಸುದ್ದಿ ಮುಟ್ಟಿಸುವ ಸ್ವಿಚ್ಚಿನವು.

ಇಷ್ಟು ತಿಳಿದರೆ ಪ್ರಶ್ನೆಗಳ ಜಾಡು ಸಿಗುತ್ತದೆ. ನಾಲ್ಕೂ ಬಾಗಿಲು ಸತ್ತಿವೆಯೇ? ಫ್ಯೂಸು, ರಿಲೇ, ಅರ್ತ್ ನೋಡಬೇಕು. ಒಂದೇ ಬಾಗಿಲೇ? ಅದರ ಮೋಟರು, ಇಲ್ಲವೇ ಅದಕ್ಕೆ ಹೋಗುವ ವೈರು. ಒಳಗಿನ ಸ್ವಿಚ್ಚಿಗೆ ಬಗ್ಗಿ ರಿಮೋಟಿಗೆ ಬಗ್ಗದಿದ್ದರೆ ಮೊದಲು ರಿಮೋಟಿನ ಬಿಲ್ಲೆ ಸೆಲ್ ಬದಲಿಸಿ ನೋಡುವುದು. ಲಾಕ್ ಬಿದ್ದು ಮತ್ತೆ ಬಿಚ್ಚಿಕೊಂಡರೆ, ಯಾವುದೋ ಸ್ವಿಚ್ಚು ಸುಳ್ಳು ಸುದ್ದಿ ಕೊಡುತ್ತಿದೆ: ಮುಚ್ಚಿದ ಬಾಗಿಲನ್ನು ತೆರೆದಿದೆ ಎನ್ನುತ್ತಿದೆ. ಮೋಟರು ತಿರುಗುವ ಸದ್ದು ಕೇಳಿಯೂ ಲಾಕ್ ಕದಲದಿದ್ದರೆ ಕರೆಂಟನ್ನು ದೂರಬೇಕಿಲ್ಲ. ಪ್ಲಾಸ್ಟಿಕ್ ಹಲ್ಲು ಸವೆದಿರುತ್ತದೆ, ಇಲ್ಲವೇ ಗ್ರೀಸ್ ಒಣಗಿ ಲಾಕ್ ಬಿಗಿದುಕೊಂಡಿರುತ್ತದೆ.

ಒಂದೇ ಬಾಗಿಲು, ಅದೂ ಒಮ್ಮೊಮ್ಮೆ ಮಾತ್ರ ಎಂದಾಗ ಅನುಭವಿಯ ಕೈ ನೇರ ಹೋಗುವುದು ಬಾಗಿಲಿಗೂ ಕಾರಿನ ಕಂಬಕ್ಕೂ ನಡುವೆ ಇರುವ ಸುಕ್ಕುಸುಕ್ಕು ರಬ್ಬರ್ ಕೊಳವೆಗೆ. ಬಾಗಿಲಿಗೆ ಹೋಗುವ ವೈರುಗಳೆಲ್ಲ ಅದರೊಳಗೆ ಹಾದುಹೋಗುತ್ತವೆ. ಬಾಗಿಲು ತೆರೆದು ಮುಚ್ಚಿದಷ್ಟೂ ಸಲ ಮಡಚಿ ಬಿಚ್ಚಿಕೊಂಡು, ತಾಮ್ರದ ಎಳೆಗಳು ವರ್ಷಗಟ್ಟಲೆ ಒಂದೊಂದಾಗಿ ತುಂಡಾಗುತ್ತವೆ. ಮೇಲಿನ ಹೊದಿಕೆಗೆ ಏನೂ ಆಗಿರುವುದಿಲ್ಲ, ಹಾಗಾಗಿ ಕಣ್ಣಿಗೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಎಲ್ಲಕ್ಕಿಂತ ಹೆಚ್ಚು ಸಲ ತೆರೆಯುವ ಚಾಲಕನ ಬಾಗಿಲೇ ಇದಕ್ಕೆ ಹೆಚ್ಚಾಗಿ ತುತ್ತಾಗುತ್ತದೆ. ಹುಡುಗ ಲಾಕ್ ಸ್ವಿಚ್ ಒತ್ತುತ್ತಿರುತ್ತಾನೆ, ಮೇಷ್ಟ್ರು ಬಾಗಿಲನ್ನು ನಿಧಾನವಾಗಿ ಆಡಿಸುತ್ತಾರೆ. ಒಂದು ಕೋನದಲ್ಲಿ ಲಾಕ್ ಬಿದ್ದು ಇನ್ನೊಂದರಲ್ಲಿ ನಿಂತರೆ ಜಾಗ ಸಿಕ್ಕಂತೆ. ಆಮೇಲೆ ರಬ್ಬರ್ ಸರಿಸಿ ಒಂದೊಂದೇ ವೈರನ್ನು ಮೆಲ್ಲಗೆ ಎಳೆದರೆ, ಒಳಗೆ ತಾಮ್ರ ಕಡಿದ ವೈರು ಬೆರಳಿಗೇ ಗೊತ್ತಾಗುತ್ತದೆ: ಅದು ಹಿಗ್ಗುತ್ತದೆ.

ಕಲಿಯುವವರು ಎಡವುವುದು ಮೀಟರಿನ ಮುಂದೆ. ಮೋಟರಿಗೆ ವೈರು ಸೇರಿಸುವ ಕಪ್ಲರ್ ಬಿಚ್ಚಿ, ಸ್ವಿಚ್ ಒತ್ತಿಸಿ ಮೀಟರ್ ಇಟ್ಟರೆ ಸರಿಯಾಗಿ 12 ವೋಲ್ಟ್. “ಕರೆಂಟ್ ಬರ್ತಿದೆ, ಮೋಟರೇ ಹೋಗಿದೆ” ಎಂದು ತೀರ್ಪು. ಹೊಸ ಮೋಟರು ಬರುತ್ತದೆ, ಲಾಕ್ ಬೀಳುವುದಿಲ್ಲ. ಡಿಜಿಟಲ್ ಮೀಟರು ಎಳೆದುಕೊಳ್ಳುವ ಕರೆಂಟು ಲೆಕ್ಕಕ್ಕಿಲ್ಲದಷ್ಟು. ಅಷ್ಟನ್ನು ಸಾಗಿಸಲು ಉಳಿದಿರುವ ಒಂದೇ ಎಳೆಯೂ ಸಾಕು. ಮೋಟರಿಗೆ ಬೇಕಾಗುವ ಆಂಪಿಯರುಗಳು ಆ ಎಳೆಯಲ್ಲಿ ದಾಟುವುದಿಲ್ಲ. ಅದಕ್ಕೇ ಹಳಬರು ಮೀಟರಿನ ಬದಲು ಇಂಡಿಕೇಟರಿನ 21 ವಾಟ್ ಬಲ್ಬಿಗೆ ಎರಡು ವೈರು ಬೆಸೆದು ಇಟ್ಟುಕೊಂಡಿರುತ್ತಾರೆ. ಉರಿಯಲು ಅದಕ್ಕೆ ಸುಮಾರು 1.75 ಆಂಪಿಯರ್ ಬೇಕು. ಮೀಟರಿನಲ್ಲಿ 12 ತೋರಿಸಿದ ಜಾಗದಲ್ಲೇ ಬಲ್ಬು ಮಂಕಾದರೆ ದೋಷ ಕರೆಂಟಿನ ದಾರಿಯಲ್ಲಿದೆ, ಮೋಟರಿನಲ್ಲಿಲ್ಲ. ಆ ದಾರಿಯಲ್ಲಿ ಅರ್ತ್ ಕೂಡ ಸೇರಿದೆ ಎಂಬುದನ್ನು ಅರ್ಧ ಜನ ಮರೆಯುತ್ತಾರೆ.

ಮಳೆಗಾಲದ ದೂರಿನ ಕಥೆ ಬೇರೆ. ಗಾಜಿನ ಪಕ್ಕದಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ, ಕೆಳಗಿನ ತೂತುಗಳಿಂದ ಅದು ಹೊರಗೆ ಹೋಗಬೇಕು. ತೂತು ಮಣ್ಣು ಕಟ್ಟಿದ್ದರೆ ನೀರು ಒಳಗೇ ನಿಲ್ಲುತ್ತದೆ. ಡೋರ್ ಪ್ಯಾಡ್ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಸ್ಪೀಕರ್ ಕೂರಿಸುವವರು ಹರಿದು ಹಾಗೇ ಬಿಡುವುದೂ ಉಂಟು (ಹಾಡು ಜೋರಾಗಿ ಕೇಳುತ್ತದೆ, ಅದು ನಿಜ). ಹೀಗೆ ಒದ್ದೆಯಾದ ಕಪ್ಲರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ.

ಈಗಿನ ಕಾರುಗಳಲ್ಲಿ ಲಾಕಿನ ಯಜಮಾನಿಕೆ ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪೆಟ್ಟಿಗೆಯದು. ಅದಕ್ಕೂ ಬಾಗಿಲಿಗೂ ನಡುವೆ ಮಾತುಕತೆ ನಡೆಯುವ ಸಣ್ಣ ಡೇಟಾ ವೈರುಗಳಿಗೆ 21 ವಾಟಿನ ಬಲ್ಬು ಮುಟ್ಟಿಸಿದರೆ ಪೆಟ್ಟಿಗೆಗೇ ಪೆಟ್ಟು. ಏರ್‌ಬ್ಯಾಗಿನ ಹಳದಿ ಕಪ್ಲರುಗಳ ಹತ್ತಿರವಂತೂ ಸುಳಿಯಲೇಬಾರದು. ಇಂಥ ಕಾರುಗಳಿಗೆ ಸ್ಕ್ಯಾನರ್ ಬೇಕು, ವೈರಿಂಗ್ ನಕ್ಷೆ ಬೇಕು. ಆದರೆ ಸ್ಕ್ಯಾನರ್ ಯಾವ ಬಾಗಿಲಿನ ಸರ್ಕ್ಯೂಟಿನಲ್ಲಿ ದೋಷ ಎಂದಷ್ಟೇ ಹೇಳುತ್ತದೆ. ಆ ಸರ್ಕ್ಯೂಟಿನ ಯಾವ ಗೇಣಿನಲ್ಲಿ ಎಂದು ಹೇಳುವುದಿಲ್ಲ. ಅದು ತಿಳಿಯದೆ ಪೆಟ್ಟಿಗೆಯನ್ನೇ ಬದಲಿಸಿ ದೊಡ್ಡ ಬಿಲ್ ಮಾಡುವವರಿಗೇನೂ ಕೊರತೆಯಿಲ್ಲ.

ಕಡಿದ ವೈರನ್ನು ಹುಡುಕಲು ಅರ್ಧ ದಿನ ಹಿಡಿದೀತು, ಜೋಡಿಸಲು ಹತ್ತು ನಿಮಿಷ. ಕಡಿದ ತುದಿಗಳನ್ನು ಅಲ್ಲೇ ಕೂಡಿಸಿ ಟೇಪ್ ಸುತ್ತಿದರೆ ಮತ್ತೆ ಅದೇ ಮಡಿಕೆಯಲ್ಲಿ ಕಡಿಯುತ್ತದೆ. ಮಡಿಕೆಯ ಎರಡೂ ಕಡೆ ಸಾಕಷ್ಟು ದೂರದಲ್ಲಿ ಕತ್ತರಿಸಿ, ಸಣ್ಣ ಎಳೆಗಳ ಮೆತ್ತನೆ ವೈರು ಸೇರಿಸಿ, ಬೆಸುಗೆಯನ್ನು ಬಾಗದ ಜಾಗಕ್ಕೆ ಒಯ್ಯಬೇಕು. ಇಷ್ಟು ಮಾಡಿದವರು ಕೂಲಿ ಕೇಳಿದರೆ, “ಒಂದು ಗೇಣು ವೈರಿಗೆ ಇಷ್ಟಾ?” ಎಂದು ಗಿರಾಕಿ ಚೌಕಾಸಿಗೆ ನಿಲ್ಲುತ್ತಾರೆ. ಅದಕ್ಕೇ ಕೆಲವರು ಬಾನೆಟ್ ಎತ್ತುವ ಮೊದಲೇ “ಚೆಕಿಂಗ್ ಚಾರ್ಜ್ ಬೇರೆ ಸಾರ್” ಎಂದು ಹೇಳಿಬಿಡುತ್ತಾರೆ. ನಾನು ಕಾರು ಬಿಡುವುದು ಅಂಥವರ ಅಂಗಡಿಯಲ್ಲೇ.