ಆಷಾಢದಲ್ಲಿ ಶುರುವಾಗುವ ದೀಪಾವಳಿ

ಸಾಕುನಾಯಿಯ ಪಟಾಕಿ ಭಯ: ಕಾರಣ, ಆರೈಕೆ, ತಯಾರಿ

ದೀಪಾವಳಿಯ ಸಂಜೆ ಕೆಂಗೇರಿ ಉಪನಗರದ ಯಾವ ಅಡ್ಡರಸ್ತೆಗೆ ಹೋದರೂ ನೋಟ ಹೆಚ್ಚುಕಡಿಮೆ ಒಂದೇ. ಮನೆಮುಂದೆ ಹಣತೆಯ ಸಾಲು, ಚಿಕ್ಕವರ ಕೈಯಲ್ಲಿ ಸುರ್‌ಸುರ್‌ಬತ್ತಿ, ದೊಡ್ಡವರ ಕೈಯಲ್ಲಿ ಊದುಬತ್ತಿ, ರಸ್ತೆಯ ನಡುವೆ ಹಸಿರು ದಾರ ಸುತ್ತಿದ ಆಟಂ ಬಾಂಬ್. ಒಳಗೆ ಮಂಚದ ಕೆಳಗೆ, ಗೋಡೆಗೆ ಬೆನ್ನೊತ್ತಿಕೊಂಡು, ಬಾಲ ಮುದುರಿಕೊಂಡು ಆ ಮನೆಯ ನಾಯಿ. ಬೆಳಿಗ್ಗೆ ಸಿಲಿಂಡರ್ ತಂದವನನ್ನು ಗೇಟಿನಾಚೆಗೇ ನಿಲ್ಲಿಸಿದ್ದು ಇದೇ ನಾಯಿ. "ಇಷ್ಟು ದೊಡ್ಡ ನಾಯಿ, ಒಂದು ಪಟಾಕಿಗೆ ಹೆದರೋದಾ?" ಎಂದು ಪಕ್ಕದ ಮನೆಯವರು ನಗುತ್ತಾರೆ. "ಮುದ್ದು ಮಾಡ್ಬೇಡಿ, ಇನ್ನೂ ಜಾಸ್ತಿ ಆಗುತ್ತೆ" ಎಂದು ಒಬ್ಬರು, "ಕೇಳ್ತಾ ಕೇಳ್ತಾ ಅಭ್ಯಾಸ ಆಗುತ್ತೆ ಬಿಡಿ" ಎಂದು ಇನ್ನೊಬ್ಬರು.

ಮೂರೂ ಮಾತು ತಪ್ಪು. ಏಕೆ ತಪ್ಪು ಎಂದು ತಿಳಿದುಕೊಂಡರೆ, ಏನು ಮಾಡಬೇಕು ಎಂಬುದರ ಅರ್ಧ ತಿಳಿದಂತೆ.

ಹೇಡಿತನದ ಮಾತಲ್ಲ

ಕೆಂಗೇರಿಯಿಂದ ಮೈಸೂರು ರಸ್ತೆ ಹಿಡಿದು ಹೊರಟರೆ ರಾಮನಗರ, ಚನ್ನಪಟ್ಟಣ ದಾಟಿ ಮದ್ದೂರು ಸಿಗುತ್ತದೆ. ಆ ತಾಲ್ಲೂಕಿನ ಆತಕೂರಿನಲ್ಲಿ ಸುಮಾರು ಕ್ರಿ.ಶ. 950ರಲ್ಲಿ ಒಂದು ನಾಯಿಯ ನೆನಪಿಗೆ ಕಲ್ಲು ನೆಟ್ಟರು. ನಾಯಿಯ ಹೆಸರು ಕಾಳಿ. ಮಣಲೇರನೆಂಬ ಯೋಧ ತನ್ನ ಶೌರ್ಯಕ್ಕೆ ಬಹುಮಾನವಾಗಿ ಬೇಡಿ ಪಡೆದಿದ್ದ ಬೇಟೆನಾಯಿ ಅದು. ದೊಡ್ಡ ಕಾಡುಹಂದಿಯೊಂದಿಗೆ ಸೆಣಸಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ನಾಯಿ ಮತ್ತು ಹಂದಿಯ ಕಾದಾಟವನ್ನು ಕೆತ್ತಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಅಂಥ ಕಾಳಿಯನ್ನೇ ತಂದು ಇವತ್ತಿನ ದೀಪಾವಳಿಯ ಬೀದಿಯಲ್ಲಿ ಕಟ್ಟಿದ್ದರೆ ಅದೂ ಮಂಚದಡಿ ಸೇರುತ್ತಿತ್ತೇನೋ. ಹಂದಿಗೆ ವಾಸನೆಯಿದೆ, ಹೆಜ್ಜೆಯ ಸದ್ದಿದೆ, ಬಾಯಿ ಹಾಕಲು ಕುತ್ತಿಗೆಯಿದೆ. ಅದು ಎಲ್ಲಿದೆ, ಯಾವ ಕಡೆ ತಿರುಗುತ್ತದೆ ಎಂದು ನಾಯಿ ಅಂದಾಜು ಮಾಡಬಲ್ಲದು. ಪಟಾಕಿ ಹಾಗಲ್ಲ. ಎಲ್ಲಿಂದ ಬಂತು, ಮುಂದಿನದು ಯಾವಾಗ, ಓಡಿದರೆ ತಪ್ಪಿಸಿಕೊಳ್ಳಬಹುದೇ ಎಂಬ ಯಾವ ಪ್ರಶ್ನೆಗೂ ನಾಯಿಯ ಬಳಿ ಉತ್ತರವಿಲ್ಲ. ಎದುರಾಳಿಯೇ ಕಾಣದ ಕಡೆ ಧೈರ್ಯಕ್ಕೆ ಕೆಲಸವಿಲ್ಲ.

ಮೆಟ್ರೋಗೆ ನಿದ್ದೆ, ಪಟಾಕಿಗೆ ನಡುಕ

ಮನುಷ್ಯರ ಕಿವಿಗೆ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಸದ್ದು ಕೇಳಿಸುತ್ತದೆ. ನಾಯಿಗೆ ಸುಮಾರು 45,000ದವರೆಗೆ. ನಮಗೆ ಕೇಳಿಸದ ಎಷ್ಟೋ ಸಣ್ಣ ಸದ್ದುಗಳನ್ನೂ ಅದು ಹಿಡಿಯುತ್ತದೆ. ಆದರೆ ಭಯಕ್ಕೆ ಇದೊಂದೇ ಕಾರಣ ಎನ್ನುವಂತಿಲ್ಲ. ಕೆಂಗೇರಿಯ ನಾಯಿಗಳನ್ನೇ ನೋಡಿ. ಮೈಸೂರಿನ ರೈಲು ಹಾದುಹೋಗುತ್ತದೆ, ಹೆದ್ದಾರಿಯಲ್ಲಿ ಲಾರಿಗಳು ಗುಡುಗುತ್ತವೆ, 2021ರ ಆಗಸ್ಟ್‌ನಿಂದ ತಲೆಯ ಮೇಲೆ ನೇರಳೆ ಮಾರ್ಗದ ಮೆಟ್ರೋ ಬೇರೆ. ಕಂಬದ ನೆರಳಲ್ಲಿ ಮಲಗಿದ ನಾಯಿ ಕಣ್ಣು ಕೂಡ ತೆರೆಯುವುದಿಲ್ಲ.

ರೈಲು ದೂರದಿಂದ ಸದ್ದು ಮಾಡುತ್ತಲೇ ಬರುತ್ತದೆ, ಜೋರಾಗುತ್ತದೆ, ಮೆಲ್ಲಗೆ ಕರಗುತ್ತದೆ. ದಿನವೂ ಬರುತ್ತದೆ, ಏನೂ ಕೆಡುಕಾಗುವುದಿಲ್ಲ. ಮಿದುಳು ಅದನ್ನು ಲೆಕ್ಕದಿಂದ ಬಿಟ್ಟುಬಿಡುತ್ತದೆ. ಪಟಾಕಿಯ ಸದ್ದು ನಿಶ್ಶಬ್ದದಿಂದ ನೇರ ಶಿಖರಕ್ಕೆ ಹಾರುತ್ತದೆ. ಇಂಥ ಸದ್ದಿಗೆ ಬೆಚ್ಚಿಬೀಳುವುದು ನಮಗೂ ನಾಯಿಗೂ ಹುಟ್ಟಿನಿಂದ ಬಂದ ಪ್ರತಿಕ್ರಿಯೆ. ಯೋಚನೆ ಕೆಲಸ ಮಾಡುವ ಮೊದಲೇ ಅಡ್ರಿನಾಲಿನ್ ಸುರಿದು ಎದೆ ಹೊಡೆದುಕೊಳ್ಳುತ್ತದೆ. ನಮಗೆ ಮರುಕ್ಷಣವೇ "ಓ, ಪಟಾಕಿ" ಎಂದು ಗೊತ್ತಾಗುತ್ತದೆ. ನಾಯಿಗೆ ಆ ಸಮಾಧಾನವಿಲ್ಲ. ಅಷ್ಟರಲ್ಲಿ ಇನ್ನೊಂದು ಢಂ.

"ಅಭ್ಯಾಸ ಆಗುತ್ತೆ" ಎಂಬ ಮಾತು ಇಲ್ಲಿಯೇ ಮುಗ್ಗರಿಸುವುದು. ಭಯದೊಂದಿಗೆ ಕೇಳಿಸಿಕೊಂಡ ಸದ್ದು ಅಭ್ಯಾಸವಾಗುವ ಬದಲು ಬೇರೂರಬಹುದು. ಮೊದಲ ವರ್ಷ ಸದ್ದಿಗೆ ಮಾತ್ರ ಹೆದರಿದ ನಾಯಿ ಎರಡನೇ ವರ್ಷ ಮಿಂಚಿಗೆ, ಮದ್ದಿನ ಹೊಗೆಗೆ, ಕೊನೆಗೆ ಗುಡುಗಿಗೂ ಹೆದರಬಹುದು. ಏದುಸಿರು, ಜೊಲ್ಲು, ಹಿಂದಕ್ಕೆ ಮಡಿಸಿದ ಕಿವಿ, ನಿದ್ದೆ ಬಾರದಿದ್ದರೂ ಆಕಳಿಕೆ, ಮತ್ತೆ ಮತ್ತೆ ಮೂತಿ ನೆಕ್ಕಿಕೊಳ್ಳುವುದು, ಇಷ್ಟದ ತಿಂಡಿಯನ್ನೂ ಮುಟ್ಟದಿರುವುದು ಭಯದ ಗುರುತುಗಳು. ಮುದಿನಾಯಿ ಇದ್ದಕ್ಕಿದ್ದಂತೆ ಸದ್ದಿಗೆ ಹೆದರತೊಡಗಿದರೆ ಕೀಲುನೋವಿದೆಯೇ ಎಂದು ವೈದ್ಯರಿಗೆ ತೋರಿಸಬೇಕು. ಬೆಚ್ಚಿದಾಗ ಮೈ ಬಿಗಿಯಾಗುತ್ತದೆ, ನೋವಿರುವ ಕೀಲು ಆಗ ಇನ್ನಷ್ಟು ನೋಯುತ್ತದೆ, ನಾಯಿ ಆ ನೋವನ್ನು ಸದ್ದಿಗೆ ಗಂಟುಹಾಕುತ್ತದೆ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು ಭಾಗಿಯಾಗಿದ್ದ 2018ರ ಅಧ್ಯಯನವೊಂದು ಈ ನಂಟಿನತ್ತ ಬೊಟ್ಟು ಮಾಡಿತು.

ಕಾಯಿದೆಯ ಸದ್ದು, ಬೀದಿಯ ಸದ್ದು

ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರುವ ಪಟಾಕಿಯನ್ನು ಮಾಡುವಂತಿಲ್ಲ, ಮಾರುವಂತಿಲ್ಲ ಎಂಬ ನಿಯಮ 1999ರಿಂದಲೂ ಇದೆ. ಬಯಲಿನಲ್ಲಾದರೆ ದೂರ ಎರಡರಷ್ಟಾದಂತೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ನಿಯಮಕ್ಕೆ ಒಳಪಟ್ಟ ಪಟಾಕಿಯೂ 8 ಮೀಟರ್ ದೂರದಲ್ಲಿ 119, 16 ಮೀಟರ್ ದೂರದಲ್ಲಿ 113 ಡೆಸಿಬಲ್ ಸದ್ದು ಮಾಡಬಲ್ಲದು. ಮೂವತ್ತು ಅಡಿ ರಸ್ತೆಯ ಎರಡೂ ಬದಿಗೆ ಮೂರಂತಸ್ತಿನ ಮನೆಗಳು ಒತ್ತಿಕೊಂಡು ನಿಂತಿರುವ ಕಡೆ ಗೋಡೆಯಿಂದ ಗೋಡೆಗೆ ಬಡಿದು ಸದ್ದು ಅಷ್ಟೂ ಇಳಿಯುವುದಿಲ್ಲ.

ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿ ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10 ಗಂಟೆಯ ಮಿತಿ ಹಾಕಿ, ಸರಪಟಾಕಿಯನ್ನು ನಿಷೇಧಿಸಿ, ಹಸಿರು ಪಟಾಕಿಗೆ ಮಾತ್ರ ಒಪ್ಪಿಗೆ ಕೊಟ್ಟಿತು. ನಾಯಿ ಸಾಕಿದವರು ಇಲ್ಲೊಂದು ಮಾತು ತಿಳಿದಿರಬೇಕು. ಹಸಿರು ಪಟಾಕಿಯ ಮುಖ್ಯ ಉದ್ದೇಶ ಹೊಗೆಯನ್ನು, ಗಾಳಿ ಸೇರುವ ಕಣಗಳನ್ನು ತಗ್ಗಿಸುವುದು. ಹಸಿರು ಎಂದ ಮಾತ್ರಕ್ಕೆ ಸದ್ದಿಲ್ಲ ಎಂದಲ್ಲ. ಇನ್ನು ಗಂಟೆಯ ಮಿತಿಯನ್ನು ಬೀದಿ ಎಷ್ಟು ಪಾಲಿಸುತ್ತದೆ ಎಂಬುದು ಕೆಂಗೇರಿಯಲ್ಲಿ ಇದ್ದವರಿಗೆಲ್ಲ ಗೊತ್ತು. ನರಕ ಚತುರ್ದಶಿಯಂದು ಎಣ್ಣೆಸ್ನಾನಕ್ಕೆ ಎದ್ದವರು ಕತ್ತಲಿರುವಾಗಲೇ ಮೊದಲ ಪಟಾಕಿ ಹಚ್ಚುತ್ತಾರೆ. ಅದೇ ಹೊತ್ತಿಗೆ ನಾಯಿಯನ್ನು ವಾಕಿಂಗ್ ಕರೆದೊಯ್ದವರು ಕೈಯಲ್ಲಿ ಬರೀ ಬೆಲ್ಟ್ ಹಿಡಿದು ಬೀದಿಬೀದಿ ಹುಡುಕಬೇಕಾಗುತ್ತದೆ.

ಮುದ್ದು ಮಾಡಿ, ಪರವಾಗಿಲ್ಲ

ಹೆದರಿದ ನಾಯಿಯನ್ನು ಸವರಿದರೆ ಹೆದರಿಕೆಗೆ ಬಹುಮಾನ ಕೊಟ್ಟಂತಾಗುತ್ತದೆ ಎಂಬ ನಂಬಿಕೆ ಹಳೆಯದು. ಕೈ ಕೊಡು ಎಂದಾಗ ಕೈ ಕೊಟ್ಟ ನಾಯಿಗೆ ಬಿಸ್ಕತ್ತು ಕೊಟ್ಟರೆ ಅದು ಮತ್ತೆ ಕೈ ಕೊಡುತ್ತದೆ, ನಿಜ. ಆದರೆ ಕೈ ಕೊಡುವುದು ಬೇಕೆಂದು ಮಾಡುವ ಕೆಲಸ. ಭಯ ಹಾಗಲ್ಲ. ಜ್ವರ ಬಂದ ಮಗುವಿನ ಹಣೆ ಸವರಿದರೆ ಜ್ವರ ಏರುವುದಿಲ್ಲವಲ್ಲ, ಹಾಗೆ. ನಾಯಿ ತಾನಾಗಿ ಬಳಿ ಬಂದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಮೆಲ್ಲಗೆ ಸವರಿ, ಎಂದಿನ ದನಿಯಲ್ಲಿ ಮಾತಾಡಿ. ಮಂಚದಡಿಯೇ ಇರಬೇಕೆಂದರೆ ಅಲ್ಲೇ ಬಿಡಿ. ಹೊರಗೆಳೆದು ಎತ್ತಿಕೊಳ್ಳುವುದು ಬೇಡ. ಗದರುವುದಂತೂ ಬೇಡವೇ ಬೇಡ, ಆಗ ಪಟಾಕಿಯ ಜೊತೆಗೆ ನಿಮಗೂ ಹೆದರಬೇಕಾಗುತ್ತದೆ.

ಇದಕ್ಕಿಂತ ಒಂದು ಹೆಜ್ಜೆ ಮುಂದಿನ ಉಪಾಯವೂ ಇದೆ. ರಷ್ಯಾದ ಇವಾನ್ ಪಾವ್ಲೋವ್, ಒಂದು ಸದ್ದಿನ ಬೆನ್ನಿಗೇ ಪ್ರತಿಸಲ ಊಟ ಬಂದರೆ ಆ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆ ಎಂದು ತೋರಿಸಿಕೊಟ್ಟಿದ್ದರು. ಅದನ್ನೇ ಪಟಾಕಿಗೆ ಅನ್ವಯಿಸಿ. ಪ್ರತಿ ಢಂ ಆದ ಕೂಡಲೇ ಬಾಯಿಗೊಂದು ತುಂಡು ಬೇಯಿಸಿದ ಕೋಳಿ, ಪನೀರ್ ಅಥವಾ ಮೊಟ್ಟೆ. ಕ್ರಮ ತಪ್ಪಬಾರದು: ಮೊದಲು ಸದ್ದು, ಆಮೇಲೆ ತಿಂಡಿ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿದ್ದ ಸಂಶೋಧಕಿ ಸ್ಟೆಫನಿ ರೀಮರ್ ನಾಯಿ ಸಾಕಿದವರನ್ನು ಕೇಳಿ ಸಿದ್ಧಪಡಿಸಿ 2020ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಈ ಉಪಾಯ ಮಾಡಿದವರ ಪೈಕಿ ಶೇ. 70ಕ್ಕೂ ಹೆಚ್ಚು ಮಂದಿ ಗುಣ ಕಂಡಿತು ಎಂದಿದ್ದರು. ಗಿಡಮೂಲಿಕೆ, ಪರಿಮಳದ ಡಬ್ಬಿಗಳಿಗೆ ಅಷ್ಟು ಮೆಚ್ಚುಗೆ ಸಿಗಲಿಲ್ಲ.

ಒಂದು ಎಚ್ಚರ. ಬಾಯಿರುಚಿಗೆಂದು ಹಬ್ಬದ ತಟ್ಟೆಯಿಂದ ಕೊಡಬೇಡಿ. ಒಣದ್ರಾಕ್ಷಿ ಇರುವ ಲಾಡು, ಈರುಳ್ಳಿ ಬೆರೆತ ಪಲ್ಯ, ಚಾಕಲೇಟು ನಾಯಿಗೆ ವಿಷ.

ಆಷಾಢದ ಪಾಠ

ದೀಪಾವಳಿಯ ದಿನ ಮಾಡುವುದೆಲ್ಲ ಪ್ರಥಮ ಚಿಕಿತ್ಸೆ. ನಿಜವಾದ ಕೆಲಸಕ್ಕೆ ನಮ್ಮ ಪಂಚಾಂಗದಲ್ಲೇ ಒಂದು ಒಳ್ಳೆಯ ಕಾಲವಿದೆ, ಆಷಾಢ. ಮದುವೆ ಮುಂಜಿಗಳಿಲ್ಲ, ಮೆರವಣಿಗೆಯಿಲ್ಲ. ಏಪ್ರಿಲ್–ಮೇ ತಿಂಗಳ ಗುಡುಗು ಮುಗಿದಿರುತ್ತದೆ, ಬರೀ ಜಿಟಿಜಿಟಿ ಮಳೆ. ಬೆಂಗಳೂರಿನಲ್ಲಿ ಪಟಾಕಿಯ ಸದ್ದು ಅತಿ ಕಡಿಮೆಯಿರುವ ತಿಂಗಳುಗಳಲ್ಲಿ ಇದೂ ಒಂದು.

ಮೊಬೈಲ್‌ನಲ್ಲಿ ಪಟಾಕಿಯ ಸದ್ದನ್ನು ನಿಮಗೇ ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಮೆಲ್ಲಗೆ ಹಾಕಿ. ಐದು ನಿಮಿಷ ಸಾಕು. ಆ ಹೊತ್ತಿನಲ್ಲಿ ಊಟವೋ ಆಟವೋ ನಡೆಯುತ್ತಿರಲಿ. ನಾಯಿ ತಲೆ ಎತ್ತದೆ ತಿನ್ನುತ್ತಿದ್ದರೆ ಕೆಲವು ದಿನಗಳ ಮೇಲೆ ಸದ್ದು ಒಂದೇ ಒಂದು ಗೆರೆ ಏರಲಿ. ಕಿವಿ ಮಡಿಸಿತು, ತಿನ್ನುವುದು ನಿಲ್ಲಿಸಿತು ಎಂದರೆ ನೀವು ಆತುರಪಟ್ಟಿರಿ, ಎರಡು ಗೆರೆ ಇಳಿಸಿ. ಮೊಬೈಲ್‌ನ ಪುಟ್ಟ ಸ್ಪೀಕರ್ ಎದೆಗೆ ಗುದ್ದುವ ಆ ದಪ್ಪ ಸದ್ದನ್ನು ಹೊರಡಿಸಲಾರದು. ಕೊನೆಯ ಹಂತಕ್ಕೆ ಟಿವಿಯದೋ ಮ್ಯೂಸಿಕ್ ಸಿಸ್ಟಮ್‌ನದೋ ಸ್ಪೀಕರ್ ಬೇಕಾದೀತು. ಮೂರರಿಂದ ಹದಿನಾಲ್ಕು ವಾರದೊಳಗಿನ ಮರಿ ಹೊಸದನ್ನೆಲ್ಲ ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಆ ವಯಸ್ಸಿನಲ್ಲಿ ಈ ಪಾಠ ಆದರೆ ಮುಂದೆ ಭಯ ಹುಟ್ಟುವ ಸಾಧ್ಯತೆಯೇ ತಗ್ಗುತ್ತದೆ.

ಶ್ರಾವಣ ಕಳೆದು ಗಣೇಶನ ಹಬ್ಬ ಬಂತೆಂದರೆ ಕಿರುಪರೀಕ್ಷೆ. ವಿಸರ್ಜನೆಯ ಮೆರವಣಿಗೆಯ ತಮಟೆ, ಪಟಾಕಿಗೆ ನಾಯಿ ಹೇಗೆ ವರ್ತಿಸುತ್ತದೆ ಎಂದು ಗಮನಿಸಿ. ಗಣೇಶ ಚೌತಿಯಿಂದ ನರಕ ಚತುರ್ದಶಿಗೆ ಎಂಟು ವಾರದ ಆಸುಪಾಸು. ನಾಯಿ ತೀರಾ ನಲುಗಿದರೆ ಪಶುವೈದ್ಯರನ್ನು ಕಾಣಲು ಸಾಕಷ್ಟು ಸಮಯವಿದೆ.

ಗ್ಯಾಬಪೆಂಟಿನ್, ಟ್ರಾಜಡೋನ್, ಆಲ್ಪ್ರಜೋಲಾಮ್‌ನಂಥ ಔಷಧಗಳನ್ನು ವೈದ್ಯರು ನಾಯಿಯ ತೂಕ, ವಯಸ್ಸು, ಹೃದಯ ಮತ್ತು ಯಕೃತ್ತಿನ ಸ್ಥಿತಿ ನೋಡಿ ಬರೆದುಕೊಡುತ್ತಾರೆ. ಹಬ್ಬಕ್ಕೆ ಮುಂಚೆ ಶಾಂತವಾದ ದಿನವೊಂದರಲ್ಲಿ ಒಮ್ಮೆ ಕೊಟ್ಟು ನೋಡಬೇಕು. ಹಬ್ಬದಂದು ಮೊದಲ ಪಟಾಕಿಗೆ ಮೊದಲೇ ಔಷಧ ಹೊಟ್ಟೆ ಸೇರಿರಬೇಕು, ಗಾಬರಿ ಏರಿದ ಮೇಲೆ ಕೊಟ್ಟರೆ ಗುಣ ಕಡಿಮೆ. ಏಸ್‌ಪ್ರೊಮಜಿನ್ ಒಂದನ್ನೇ ಕೊಡುವ ಹಳೆಯ ಪದ್ಧತಿಯನ್ನು ತಜ್ಞರು ಈಗ ಒಪ್ಪುವುದಿಲ್ಲ. ಅದರಿಂದ ಮೈ ಮಂಕಾಗುತ್ತದೆ, ಭಯ ಒಳಗೇ ಉಳಿಯುತ್ತದೆ. ಮನೆಯವರ ನಿದ್ದೆ ಮಾತ್ರೆಯನ್ನು ಅಂದಾಜಿನ ಮೇಲೆ ಮುರಿದು ಕೊಡುವುದು ಪ್ರಾಣಕ್ಕೇ ಎರವು.

ಆ ಮೂರು ರಾತ್ರಿ

ಮೂವತ್ತು–ನಲವತ್ತರ ಸೈಟಿನ ಮನೆಯಲ್ಲಿ ರಸ್ತೆಗೆ ಮುಖಮಾಡಿರುವುದು ಪೋರ್ಟಿಕೊ. ಹೆಚ್ಚಿನವರು ನಾಯಿಯನ್ನು ಕಟ್ಟುವುದೂ ಅಲ್ಲೇ. ಹಬ್ಬದ ರಾತ್ರಿ ಅದಕ್ಕಿಂತ ಕೆಟ್ಟ ಜಾಗವಿಲ್ಲ. ಸರಪಳಿಯಲ್ಲಿರುವ ನಾಯಿ ಬೆದರಿ ಗೇಟು ಹಾರಲು ಹೋದರೆ ಕುತ್ತಿಗೆಗೆ ಉರುಳಾಗುತ್ತದೆ. ಒಳಗಡೆ, ರಸ್ತೆಯಿಂದ ದೂರದ, ಕಿಟಕಿ ಕಡಿಮೆ ಇರುವ ಕೋಣೆ ಆರಿಸಿ. ಎಷ್ಟೋ ನಾಯಿಗಳು ತಾವಾಗಿಯೇ ಬಚ್ಚಲುಮನೆಗೆ ಓಡುತ್ತವೆ, ಅವುಗಳ ಆಯ್ಕೆ ಸರಿಯಾಗಿಯೇ ಇದೆ. ಬಾಗಿಲು ತೆರೆದಿರಲಿ. ಕಿಟಕಿಗೆ ದಪ್ಪ ಪರದೆ ಅಥವಾ ಕಂಬಳಿ, ನೆಲಕ್ಕೆ ಅದರ ಹಳೆಯ ಹಾಸಿಗೆ, ಮಿಂಚು ಎದ್ದುಕಾಣದಂತೆ ಒಂದು ದೀಪ, ಫ್ಯಾನ್, ಎಂದಿನ ಟಿವಿ ಸದ್ದು. ಕಿವಿಗೆ ಹತ್ತಿ ತುರುಕಬೇಡಿ.

ಹೊತ್ತು ಮುಳುಗುವ ಮೊದಲೇ ದೊಡ್ಡ ಸುತ್ತು ಅಡ್ಡಾಡಿಸಿ, ಶೌಚ ಮುಗಿಸಿ, ಐದೂವರೆ ಆರಕ್ಕೆ ಮುದ್ದೆಯೋ ಅನ್ನವೋ ಹಾಕಿಬಿಡಿ. ಹೊರಗೆ ಎರಡು ಹಿಡಿತವಿರಲಿ, ಕುತ್ತಿಗೆಗೊಂದು, ಎದೆಪಟ್ಟಿಗೊಂದು. ಬೆಲ್ಟಿನ ಬಿಲ್ಲೆಯ ಮೇಲೆ ನಿಮ್ಮ ಫೋನ್ ನಂಬರ್ ಅಳಿಸಿಹೋಗಿಲ್ಲ ತಾನೇ ಎಂದು ನೋಡಿ. ನೆಂಟರು ಬಂದುಹೋಗುವ ದಿನಗಳಲ್ಲಿ ಗೇಟಿನ ಚಿಲಕ ಹಾಕುವ ಹೊಣೆ ಒಬ್ಬರದೇ ಆಗಿರಲಿ.

ಇಂಥ ರಾತ್ರಿಗಳೆಲ್ಲ ಕ್ಯಾಲೆಂಡರಿನಲ್ಲಿ ಬರೆದಿರುವುದಿಲ್ಲ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದಾಗ ಬೆಂಗಳೂರಿಡೀ ಪಟಾಕಿ ಸಿಡಿಯಿತು. ಫೈನಲ್ ಪಂದ್ಯದ ರಾತ್ರಿಯೂ ಫ್ರಿಜ್ಜಿನಲ್ಲಿ ನಾಲ್ಕು ತುಂಡು ಕೋಳಿ ಇರಲಿ.

ಗೇಟಿನ ಆಚೆಯವು

ಬೀದಿಯ ನಾಯಿಗೆ ಮಂಚವಿಲ್ಲ. ಬೆದರಿ ಓಡಿದರೆ ಅದು ಹೋಗಿ ಮುಟ್ಟುವುದು ಮೈಸೂರು ರಸ್ತೆಯ ವಾಹನಗಳ ಚಕ್ರಕ್ಕೆ. ಆ ಮೂರು ರಾತ್ರಿ ಕಾರಿನ ಪಕ್ಕ ಒಂದು ಗೋಣಿಚೀಲ ಹಾಸಿ, ಪರಿಚಯದ ಬೀದಿನಾಯಿಗೆ ಗೇಟು ತೆರೆದರೆ ನಿಮಗೇನೂ ನಷ್ಟವಿಲ್ಲ. ನಾಯಿಯ ಬಾಲಕ್ಕೆ ಪಟಾಕಿ ಕಟ್ಟುವುದು ಮಕ್ಕಳಾಟವಲ್ಲ, 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಅಪರಾಧ. ಗಾಯಗೊಂಡ ಗೂಬೆಯೋ ಹದ್ದೋ ಕಣ್ಣಿಗೆ ಬಿದ್ದರೆ, ಉತ್ತರಹಳ್ಳಿ–ಕೆಂಗೇರಿ ರಸ್ತೆಯ ಕಡೆ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯಿದೆ.

ಬಲಿಪಾಡ್ಯಮಿಯ ಮರುದಿನ

ರೀಮರ್ 2019ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ 1225 ನಾಯಿಗಳ ವಿವರವಿತ್ತು. ಅರ್ಧಕ್ಕಿಂತ ತುಸು ಹೆಚ್ಚು, ಶೇ. 52ರಷ್ಟು, ಪಟಾಕಿಗೆ ಅಷ್ಟೋ ಇಷ್ಟೋ ಹೆದರುವಂಥವು. ಹೆಚ್ಚಿನವು ಮರುದಿನ ಬೆಳಗಾಗುವಷ್ಟರಲ್ಲಿ ಸುಧಾರಿಸಿಕೊಂಡವು. ಆದರೆ ಕೆಲವಕ್ಕೆ ವಾರ, ಒಂದಷ್ಟಕ್ಕೆ ಅದಕ್ಕೂ ಹೆಚ್ಚು ಹಿಡಿಯಿತು. ಅವರ ಅಧ್ಯಯನದ ಒಟ್ಟು ಸಾರದಲ್ಲಿ ನೆಮ್ಮದಿಯ ಮಾತೂ ಇದೆ: ಈ ಭಯ ಒಮ್ಮುಖ ರಸ್ತೆಯಲ್ಲ, ಸರಿಯಾದ ತರಬೇತಿಯಿಂದ ಹಿಂದಕ್ಕೆ ಬರಬಹುದು.

ಹಬ್ಬ ಮುಗಿದ ಬೆಳಿಗ್ಗೆ ರಸ್ತೆ ತುಂಬ ಕೆಂಪು ಕಾಗದದ ಚೂರು, ಅಲ್ಲಲ್ಲಿ ಸಿಡಿಯದೆ ಉಳಿದ ಮದ್ದು. ನಾಯಿ ಅದನ್ನು ಮೂಸಿ ನೆಕ್ಕದಂತೆ ಹಗ್ಗ ಗಿಡ್ಡವಾಗಿ ಹಿಡಿದು, ಅದು ನಡೆದಷ್ಟು ದೂರ ನಡೆಸಿ ಕರೆತನ್ನಿ. ಮನೆಗೆ ಬಂದ ಮೇಲೆ ಯಾವ ಸದ್ದಿಗೆ ಓಡಿತು, ಎಲ್ಲಿ ಅಡಗಿತು, ಏನು ತಿಂದಿತು, ಎಷ್ಟು ಹೊತ್ತಿಗೆ ಮಲಗಿತು ಎಂದು ನಾಲ್ಕು ಸಾಲು ಬರೆದಿಡಿ. ಹೊಸ ವರ್ಷದ ಕ್ಯಾಲೆಂಡರ್ ಗೋಡೆಗೇರಿದಾಗ ಆಷಾಢದ ಹಾಳೆ ತಿರುವಿ ಆ ಚೀಟಿಯನ್ನು ಅಲ್ಲಿಗೆ ಪಿನ್ ಮಾಡಿ.